ಮೇಘನಾಳಿಗೆ ಇಪ್ಪತ್ತೆಂಟು ತುಂಬುವ ಮೊದಲು

ಈಸ್ಟ್‌ಗೇಟ್

ಮಾಮಾನ ಹಜಾರದ ಗೋಡೆಯಲ್ಲಿ ಹನ್ನೊಂದು ಮೊಳೆಗಳಿದ್ದವು. ಅವುಗಳಲ್ಲಿ ಏಳು ನನ್ನವು. ಒಂದು ಫೋಟೋದಲ್ಲಿ ನಾನು ಮಾಮಾನ ತೊಡೆಯ ಮೇಲೆ ಕೂತು ಕಿವಿ ಚುಚ್ಚಿಸಿಕೊಳ್ಳುತ್ತ ಬಾಯಿ ತೆರೆದು ಅಳುತ್ತಿದ್ದೇನೆ. ಒಂದರಲ್ಲಿ ಶಾಲೆಯ ನೀಲಿ ಸಮವಸ್ತ್ರ, ಒಂದರಲ್ಲಿ ಹತ್ತನೇ ತರಗತಿಯ ಅಂಕಪಟ್ಟಿ ಹಿಡಿದ ಕೈ. ಕೊನೆಯದರಲ್ಲಿ ಕಾನೂನು ಪದವಿಯ ದಿನದ ಕಪ್ಪು ಗೌನು. ಉಳಿದ ನಾಲ್ಕು ಮೊಳೆಗಳಿಗೆ ಇಬ್ಬರು ದೇವರು, ನಮ್ಮಜ್ಜ ಮತ್ತು ಒಂದು ವಿಮಾನ.

ನಾನು ಆ ಫೋಟೋಗಳನ್ನು ಇಳಿಸಿ ಟವೆಲ್ಲುಗಳಲ್ಲಿ ಸುತ್ತುತ್ತಿದ್ದೆ. ಮಾರಾಟಕ್ಕೆಂದು ಮನೆ ಸಿಂಗರಿಸಲು ಬಂದಿದ್ದ ಹೆಂಗಸು ನನ್ನ ಮುಖವನ್ನೂ ಫೋಟೋಗಳನ್ನೂ ನೋಡಿ, "ನಿಮ್ಮ ಮಗಳೇ?" ಎಂದು ಮಾಮಾನನ್ನು ಕೇಳಿದಳು. ಮಾಮಾ ಊರುಗೋಲಿನ ಮೇಲೆ ಭಾರ ಹಾಕಿ ನಿಂತು, "ಮಗಳಿದ್ದ ಹಾಗೆ" ಎಂದು ಇಂಗ್ಲಿಷಿನಲ್ಲಿ ಹೇಳಿದ. ನನಗೆ ಸಂತೋಷವಾಯಿತು. ಆಗಿನ್ನೂ ಸಂತೋಷಪಡಬಹುದಿತ್ತು.

ಮಾಮಾ ಎಂದರೆ ನನ್ನ ಅವ್ವನ ಅಣ್ಣ. ಸಿಯಾಟಲ್ ಪಕ್ಕದ ಈಸ್ಟ್‌ಗೇಟ್ ಎಂಬ ಬಡಾವಣೆಯಲ್ಲಿ ಅವನ ಮನೆ. ವಿಮಾನದ ರೆಕ್ಕೆಗಳು ಎಷ್ಟು ಬಾಗಿದರೆ ಮುರಿಯುತ್ತವೆ ಎಂದು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತನಾಗಿದ್ದಾನೆ. ಈಚೆಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ, ಮೆಟ್ಟಿಲಿನ ಮನೆ ಮಾರಿ ಲಿಫ್ಟ್ ಇರುವ ಅಪಾರ್ಟ್‌ಮೆಂಟಿಗೆ ಹೋಗುವುದೆಂದು ನಿರ್ಧರಿಸಿದ. ಸಾಮಾನು ಕಟ್ಟಲು ಒಬ್ಬರು ಬೇಕಿತ್ತು. ಹುಬ್ಬಳ್ಳಿಯ ನನ್ನ ಹಿರಿಯ ವಕೀಲರಿಂದ ಆರು ವಾರ ರಜೆ ಪಡೆದು ನಾನು ಹೋದೆ. ಅದು ನನ್ನ ಮೊದಲ ವಿದೇಶ ಪ್ರಯಾಣ. ನೋಡಬೇಕಾದ ಜಾಗಗಳ ಪಟ್ಟಿಯೊಂದನ್ನು ಒಯ್ದಿದ್ದೆ. ಅವುಗಳ ಬಗ್ಗೆ ಇಲ್ಲಿ ಒಂದು ಮಾತೂ ಇರುವುದಿಲ್ಲ.

ಅಮೆರಿಕದಲ್ಲಿ ಮನೆ ಮಾರುವ ಮೊದಲು ಅಲ್ಲಿ ಯಾರೂ ಬಾಳಿರಲೇ ಇಲ್ಲ ಎನ್ನುವಂತೆ ಮಾಡುತ್ತಾರೆ. ಆ ಹೆಂಗಸು ಬಾಡಿಗೆಯ ಸೋಫಾ ತರಿಸಿದಳು. ಯಾರೂ ಹಿಂಡದ ಲಿಂಬೆಹಣ್ಣುಗಳನ್ನು ಗಾಜಿನ ಬಟ್ಟಲಿನಲ್ಲಿ ತುಂಬಿಟ್ಟಳು. ದೇವರ ಫೋಟೋಗಳನ್ನು ನೋಡಿ ತುಂಬ ಚೆನ್ನಾಗಿವೆ ಎಂದು ಹೊಗಳಿ, ಒಳಗಿಡಿ ಎಂದಳು. ನಮ್ಮ ಗದಗಿನಲ್ಲಿ ಇದು ತಿರುವುಮುರುವು. ಮನೆ ನೋಡಲು ಬಂದವರು ಇಲ್ಲಿ ಯಾರಿದ್ದರು, ಎಷ್ಟು ಮದುವೆ ಆದವು, ಯಾಕೆ ಮಾರುತ್ತಿದ್ದಾರೆ ಎಂದು ಕಟ್ಟೆಯ ಮೇಲೆ ಕೂತು ಚಹಾ ಮುಗಿಯುವವರೆಗೂ ಕೇಳುತ್ತಾರೆ. ಮೂರು ಮದುವೆ ಕಂಡ ಮನೆಗೆ ಬೆಲೆ ಹೆಚ್ಚು.

ಮಾರಾಟವಾಗುವವರೆಗೆ ಒಗ್ಗರಣೆ ಬೇಡ ಎಂದೂ ಆಕೆ ಹೇಳಿ ಹೋದಳು. ಮರುದಿನ ನಾನು ಮರೆತು ಒಣಮೆಣಸಿನಕಾಯಿ ಎಣ್ಣೆಗೆ ಹಾಕಿದೆ. ಛಾವಣಿಯ ಹೊಗೆಗಂಟೆ ಕಿವಿ ಹರಿಯುವಂತೆ ಕೂಗಿತು. ಮಾಮಾ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಟವೆಲ್ಲು ಬೀಸುತ್ತ, "ಗಿರಿಜವ್ವಾ, ಮನಿ ಮಾರೂದರೊಳಗ ಮನಿ ಸುಡಬ್ಯಾಡ" ಎಂದು ನಗುತ್ತಿದ್ದ. ಪಕ್ಕದ ಮನೆಯವನು ಬೇಲಿಯಾಚೆಯಿಂದ ಕೈ ಎತ್ತಿ, ಏನೂ ಕೇಳದೆ, ಗಿಡಕ್ಕೆ ನೀರು ಹಾಕುವುದನ್ನು ಮುಂದುವರಿಸಿದ. ಇಲ್ಲಿಯವರು ಏನನ್ನೂ ಕೇಳುವುದಿಲ್ಲ. ಅದು ನನ್ನಂಥವಳಿಗೆ ಮೊದಮೊದಲು ತುಂಬ ಹಿತವಾಗಿತ್ತು.

ಮೂರು ವಾರದಲ್ಲಿ ಕೊಳ್ಳುವವರು ಸಿಕ್ಕರು. ಒಂದು ಮಧ್ಯಾಹ್ನ ಮಾಮಾ ಮಾರಾಟದ ಕಾಗದಗಳ ಕಟ್ಟನ್ನು ನನ್ನ ಮುಂದಿಟ್ಟ.

"ನೋಡವಾ ವಕೀಲಿ, ನಿನ್ನ ಊಟ ಇದು."

ನನ್ನ ಕೆಲಸವೇ ಅದು. ಬ್ಯಾಂಕಿನವರು ಮನೆ ಸಾಲ ಕೊಡುವ ಮೊದಲು ಆ ಆಸ್ತಿಯ ಮೇಲೆ ಯಾರ ಹಕ್ಕು, ಯಾರ ಸಾಲ, ಯಾವ ಕೋರ್ಟಿನ ತಡೆ ಇದೆ ಎಂದು ನಮ್ಮ ಆಫೀಸಿಗೆ ಕೇಳುತ್ತಾರೆ. ನಾನು ಹಳೆಯ ಪತ್ರಗಳನ್ನು ಓದಿ ಬರೆದು ಕೊಡುತ್ತೇನೆ. ಆಸ್ತಿಯ ಮೇಲೆ ಕೂತ ಇಂಥ ಭಾರಕ್ಕೆ ನಮ್ಮ ಕಡೆ ಬೋಜಾ ಎನ್ನುತ್ತಾರೆ. ಮಾಮಾನ ಕಾಗದಗಳಲ್ಲೂ ಅಂಥದೇ ಪಟ್ಟಿ ಇತ್ತು. ಏಳನೆಯ ನಮೂದು: ಮಗುವಿನ ಪಾಲನೆಗಾಗಿ ತಂದೆ ಕೊಡಬೇಕಾಗಿದ್ದು ಕೊಡದೆ ಉಳಿದ ಜೀವನಾಂಶದ ಬೋಜಾ. ಮನೆ ಮಾರಿದ ದಿನ ಬಂದ ಹಣದಲ್ಲಿ ಅದು ಮೊದಲು ಕಳೆದು ಆ ಮಗುವಿನ ತಾಯಿಗೆ ಹೋಗಬೇಕು.

ಮಾಮಾನಿಗೆ ಬಹಳ ಹಿಂದೆ ವಿಚ್ಛೇದನವಾಗಿತ್ತು. ಮೇಘನಾ ಎಂಬ ಮಗಳಿದ್ದಾಳೆ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. "ಆಕಿ ಎಲ್ಲಾ ಬಾಚಿಕೊಂಡು ಹೋದ್ಲು" ಎನ್ನುವುದು ಅವ್ವನ ವಾಕ್ಯ. ಬಾಕಿ ಇದೆ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ.

"ಇದೇನು ಮಾಮಾ?"

"ಹಳೇದು ಅದು. ಶುಕ್ರವಾರ ಸಹಿ ಆದ ಮ್ಯಾಲ ಕಚೇರಿಯವರ ರೊಕ್ಕದಾಗ ಮುರಕೋತಾರ. ಬಿಡು."

ನಾನು ಬಿಡಲಿಲ್ಲ. ಅಲ್ಲಿಯ ಕಾನೂನು ನಾನು ಓದಿದವಳಲ್ಲ. ಫೋನಿನಲ್ಲಿ ಅರ್ಧ ಗಂಟೆ ಹುಡುಕಿದೆ. ಹುಬ್ಬಳ್ಳಿಯಲ್ಲಿ ಯಾವುದೇ ಬೋಜಾ ಕಂಡರೂ ನಾನು ಮೊದಲು ನೋಡುವುದು ಅದರ ಅವಧಿ ಮುಗಿದಿದೆಯೇ ಎಂದು. ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಆ ರಾಜ್ಯದಲ್ಲಿ ಇಂಥ ಬೋಜಾ ಮಗುವಿಗೆ ಹದಿನೆಂಟು ತುಂಬಿದ ಮೇಲೆ ಇನ್ನೂ ಹತ್ತು ವರ್ಷ ಬಾಳುತ್ತದೆ ಎಂದು ತಿಳಿಯಿತು.

"ಮೇಘನಾಗ ಇಪ್ಪತ್ತೆಂಟು ಯಾವಾಗ ತುಂಬತಾವು ಮಾಮಾ?"

ಅವನು ತಾರೀಖು ಹೇಳಿದ. ತಟ್ಟನೆ ಹೇಳಿದ, ಯೋಚಿಸದೆ. ಅದನ್ನು ನಾನು ಆಗ ಗಮನಿಸಬೇಕಿತ್ತು. ನಾನು ಬೆರಳು ಮಡಚುತ್ತಿದ್ದೆ. ಸಹಿಯ ಶುಕ್ರವಾರದಿಂದ ಆ ಮಂಗಳವಾರಕ್ಕೆ ಹನ್ನೊಂದು ದಿನ.

"ಹನ್ನೆರಡು ದಿನ ಮುಂದ ಹಾಕಿದ್ರ ಇದು ತಾನ ಬಿದ್ದು ಹೋಗತೈತಿ, ಮಾಮಾ. ಒಂದು ಪೈಸಾ ಕೊಡೂದು ಬರಂಗಿಲ್ಲ."

ಮಾಮಾ ಕನ್ನಡಕ ತೆಗೆದು ನನ್ನನ್ನೇ ನೋಡಿದ. "ಖರೇ?"

"ಖರೇ."

"ನಮ್ಮ ಹುಡುಗಿ ಶ್ಯಾಣ್ಯಾಕಿ ನೋಡು" ಎಂದ. ಹತ್ತನೇ ತರಗತಿಯ ಫಲಿತಾಂಶದ ದಿನ ಫೋನಿನಲ್ಲಿ ಹೇಳಿದ್ದೂ ಇದೇ ಮಾತು. ನನ್ನ ಕಿವಿ ಬಿಸಿಯಾಯಿತು, ಹೆಮ್ಮೆಗೆ. ಪಾತ್ರೆ ತೊಳೆಯಲು ನಿಂತಾಗಲಷ್ಟೇ ಒಂದು ಯೋಚನೆ ಬಂತು: ನಾನು ಬಿಡಿಸಿದ್ದು ಪರೀಕ್ಷೆಯ ಪ್ರಶ್ನೆಯಲ್ಲ. ಮೇಘನಾ ನನಗಿಂತ ಏಳು ತಿಂಗಳು ಚಿಕ್ಕವಳು. ಅವಳನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಓವರ್‌ಲೇಕ್

ಮನೆ ಕೊಳ್ಳುವವರು ಬೆಂಗಳೂರಿನ ಗಂಡ ಹೆಂಡತಿ. ಇಬ್ಬರೂ ಓವರ್‌ಲೇಕ್ ಕಡೆಯ ದೊಡ್ಡ ಕಂಪನಿಯಲ್ಲಿ ಎಂಜಿನಿಯರುಗಳು. ಅಲ್ಲಿಯ ಪದ್ಧತಿಯಂತೆ ಎರಡೂ ಕಡೆಯ ದಲ್ಲಾಳಿಗಳು ಮಾತಾಡಿ ತಾರೀಖು ಬದಲಿಸಬೇಕು. ಮಾರುವವನೂ ಕೊಳ್ಳುವವನೂ ಎದುರುಬದುರು ಕೂರುವುದು ಅಲ್ಲಿ ರೂಢಿಯಲ್ಲ. ಆದರೆ ಮಾಮಾ ನೇರವಾಗಿ ಫೋನ್ ಮಾಡಿ, ಕನ್ನಡದವರಲ್ಲವೇ, ಒಂದು ದೋಸೆ ತಿನ್ನೋಣ ಎಂದ. ಕಾಗದದಲ್ಲಿ ಎರಡು ವಾರ ಹಿಡಿಯುವುದು ದೋಸೆಯಲ್ಲಿ ಇಪ್ಪತ್ತು ನಿಮಿಷ ಹಿಡಿಯುತ್ತದೆ ಎನ್ನುವುದು ಅವನ ಅನುಭವ.

ಬಸ್ಸಿನಲ್ಲಿ ಹೋದೆವು. ಅಲ್ಲಿ ಇಳಿಯುವ ಪ್ರತಿಯೊಬ್ಬರೂ ಚಾಲಕನಿಗೆ ಕೂಗಿ ಥ್ಯಾಂಕ್ಸ್ ಹೇಳುತ್ತಾರೆ. ಹಿಂದಿನ ಬಾಗಿಲಿನಿಂದ ಇಳಿಯುವ ಶಾಲಾ ಹುಡುಗರು, ತೂಕಡಿಸುತ್ತಿದ್ದ ಮುದುಕಿ, ಕಿವಿಗೆ ಫೋನ್ ಹಚ್ಚಿಕೊಂಡವನು, ಎಲ್ಲರೂ. ನಾನು ನನ್ನ ಸರದಿಗೆ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಹೋಗಿ, ಇಳಿಯುವಾಗ ಗಡಿಬಿಡಿಯಲ್ಲಿ "ಸಾರಿ" ಎಂದೆ. ಚಾಲಕ, "ನೀನೇನೂ ಮಾಡಿಲ್ಲವಲ್ಲ, ಮಗೂ" ಎಂದು ನಕ್ಕ.

ಹೋಟೆಲಿನಲ್ಲಿ ಮಾಮಾ ಒಂದೇ ಮಾತಿನಲ್ಲಿ ವಿಷಯಕ್ಕೆ ಬಂದ.

"ಈಕಿ ನನ್ನ ತಂಗಿ ಮಗಳು. ಮೊದಲನೇ ಸಲ ಬಂದಾಳ. ಈಕಿ ಇರೂತನಕ ಆ ಮನ್ಯಾಗ ಇರೂಣು ಅಂತ ಆಸೆ. ಒಂದು ಹನ್ನೆರಡು ದಿನ ಮುಂದ ಹಾಕಿದ್ರ ನಿಮಗ ತ್ರಾಸ ಆಗತೈತೇನು?"

ನಾನು ಅವನ ಮುಖ ನೋಡಿದೆ. ಅವನು ಸಾಂಬಾರಿನ ಬಟ್ಟಲು ನೋಡುತ್ತಿದ್ದ.

"ಅಯ್ಯೋ, ಅದ್ರಲ್ಲೇನಿದೆ ಅಂಕಲ್. ನಮ್ದೂ ಬಾಡಿಗೆ ಮನೆ ತಿಂಗಳ ಕೊನೆವರೆಗೂ ಇದೆ. ಏಜೆಂಟ್‌ಗೆ ಮೆಸೇಜ್ ಹಾಕ್ಬಿಡ್ತೀನಿ" ಎಂದು ಗಂಡ ಅಲ್ಲೇ ಹಾಕಿದ.

ಹೆಂಡತಿ ನನ್ನ ಕಡೆ ತಿರುಗಿದಳು. "ನೀವು ತುಂಬಾ ಲಕ್ಕಿ ರೀ. ಇಂಥ ಮಾವ ಯಾರಿಗ್ ಸಿಗ್ತಾರೆ? ನಮ್ಮ ಮಾವ ಒಂದು ಬರ್ತ್‌ಡೇಗೂ ಕಾಲ್ ಮಾಡಲ್ಲ."

"ಹೌದು" ಎಂದೆ. ಇಡೀ ಊಟದಲ್ಲಿ ನಾನು ಆಡಿದ್ದು ಅದೊಂದೇ ಮಾತು. ನನ್ನನ್ನು ಎದುರಿಗೆ ಕೂರಿಸಿಕೊಂಡೇ ನನ್ನ ಹೆಸರಿನಲ್ಲಿ ಸುಳ್ಳು ಹೇಳಲಾಗಿತ್ತು. ಆ ಸುಳ್ಳಿಗೆ ಬೇಕಾದ ಲೆಕ್ಕವನ್ನು ಒದಗಿಸಿದವಳೂ ನಾನೇ. ದೋಸೆ ಚೆನ್ನಾಗಿತ್ತು, ಇದನ್ನು ಬರೆಯಲೂ ನಾಚಿಕೆಯಾಗುತ್ತದೆ.

ಅವರೇ ನಮ್ಮನ್ನು ಕಾರಿನಲ್ಲಿ ಬಿಡಲು ಬಂದರು. ದಾರಿಯಲ್ಲಿ ಸಿಗ್ನಲ್ ಇಲ್ಲದ ಒಂದು ನಾಲ್ಕು ದಾರಿ ಕೂಡುವಲ್ಲಿ ನಾಲ್ಕು ಕಡೆಯಿಂದ ನಾಲ್ಕು ಕಾರು ಒಟ್ಟಿಗೆ ಬಂದು ನಿಂತವು. ಯಾರೂ ಹೊರಡಲಿಲ್ಲ. ಪ್ರತಿಯೊಬ್ಬರೂ ಗಾಜಿನ ಹಿಂದಿನಿಂದ ಕೈ ಬೀಸಿ, ನೀವು ಮೊದಲು, ನೀವು ಮೊದಲು ಎನ್ನುತ್ತಿದ್ದರು. ಗದಗಿನ ಮುಳಗುಂದ ನಾಕಾದಲ್ಲಿ ಒಂದು ಎತ್ತಿನ ಗಾಡಿ, ಎರಡು ಟಂಟಂ ರಿಕ್ಷಾ, ಒಂದು ಬಸ್ಸು ಇಷ್ಟು ಹೊತ್ತಿಗೆ ಒಂದರೊಳಗೊಂದು ಹೊಕ್ಕು ಹೊರಬಂದಿರುತ್ತಿದ್ದವು.

"ಇಲ್ಲಿ ಮಂದಿ ಹಿಂಗ ನೋಡು" ಎಂದ ಮಾಮಾ ನಗುತ್ತ. "ಮತ್ತೊಬ್ಬರ ಪಾಳಿ ಕಸಗೊಳ್ಳಾಕ ಭಾಳ ನಾಚ್ತಾರ."

ಕಾರಿನಲ್ಲಿದ್ದವರೆಲ್ಲ ನಕ್ಕರು. ನಾನು ಕಿಟಕಿಯಿಂದ ಹೊರಗೆ ನೋಡಿದೆ.

ಡುವಾಲ್

ಹೊರಡುವಾಗ ಅವ್ವ ನನ್ನ ಪೆಟ್ಟಿಗೆಯ ತಳದಲ್ಲಿ ಒಂದು ರವಿಕೆಯ ಖಣ, ಒಣಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕುಂಕುಮ ಇಟ್ಟಿದ್ದಳು. ಮೇಘನಾಳ ಉಡಿ ತುಂಬಲು. ಅವಳ ತಾಯಿ ವಸುಧಾ ಮಾಮಿಯನ್ನು ಎಷ್ಟು ಬೈದರೂ, "ಹುಡುಗಿ ನಮ್ಮ ಮನೀದು. ಒಮ್ಮೆನೂ ಉಡಿ ತುಂಬಿಲ್ಲ, ಹಂಗ ಬಿಡಬಾರದು" ಎಂದು ಫೋನಿನಲ್ಲಿ ಎರಡು ಸಲ ನೆನಪಿಸಿದಳು. ಅವರ ನಂಬರನ್ನು ಮಾಮಾನ ಹತ್ತಿರ ಕೇಳಲು ಮುಜುಗರಪಟ್ಟೆ. ಅವನು ಒಂದು ಚೀಟಿಯಲ್ಲಿ ಬರೆದುಕೊಟ್ಟು, "ಹೋಗಿ ಬಾ" ಎಂದನಷ್ಟೇ.

ಡುವಾಲ್ ಸಣ್ಣ ಊರು. ಕಣಿವೆಯಲ್ಲಿ ಹೊಲಗಳ ನಡುವೆ ಇದೆ. ವಸುಧಾ ಮಾಮಿ ರೆಡ್ಮಂಡಿನ ರೈಲು ನಿಲ್ದಾಣಕ್ಕೆ ಕಾರು ತಂದಿದ್ದರು. ಮೈಸೂರಿನವರು. ತುಂಡು ಕೂದಲು, ಶಾಲೆಯ ಕಚೇರಿಯಲ್ಲಿ ಕೆಲಸ. ನನ್ನನ್ನು ನೋಡಿದೊಡನೆ, "ನೀನೇ ಏನಮ್ಮಾ ಗಿರಿಜಾ? ಆ ಮೂಗು ನೋಡಿದ್ರೇ ಗೊತ್ತಾಗುತ್ತೆ, ನಿಮ್ಮ ಮಾವಂದೇ. ಪಾಪ, ಬೇರೆ ಏನಾದ್ರೂ ಕೊಡಬಾರದಿತ್ತಾ ದೇವರು!" ಎಂದರು. ಬಾಚಿಕೊಂಡು ಹೋದವರು ಹೀಗಿರುತ್ತಾರೆಂದು ನಾನು ಎಣಿಸಿರಲಿಲ್ಲ.

ಅವರ ಮನೆ ಚಿಕ್ಕದು. ಮನೆಯ ಮಾಡಿನ ಅರ್ಧಕ್ಕೆ ನೀಲಿ ತಾಡಪಾಲು ಹೊದಿಸಿ ಕಲ್ಲು ಹೇರಿದ್ದರು. ನಾನು ನೋಡುತ್ತಿದ್ದುದನ್ನು ಅವರು ಕಂಡರು.

"ಸೋರುತ್ತೆ. ಈ ಮಳೆಗಾಲಕ್ಕೆ ಮುಂಚೆ ರಿಪೇರಿ ಮಾಡ್ಸ್ತೀವಿ. ಶುಕ್ರವಾರ ನಿಮ್ಮ ಮಾವನ ಮನೆ ರಿಜಿಸ್ಟ್ರೇಷನ್ ಅಂತಲ್ಲ, ನಂಗೆ ಕಾಗದ ಬಂತು, ಬಾಕಿ ಎಷ್ಟು ಅಂತ ಕೇಳಿ. ಮೇಘಾ ಕಾಲೇಜ್ ಸಾಲಾನೂ ತೀರುತ್ತೆ." ಬಾಗಿಲ ಬೀಗ ತೆಗೆಯುತ್ತ ನಕ್ಕರು. "ಹತ್ತು ವರ್ಷ ಅಷ್ಟೇ ಅಂದಿದ್ರು ಲಾಯರ್. ಅಷ್ಟರಲ್ಲಿ ಆ ಮನುಷ್ಯ ಮನೆ ಮಾರ್ದೇ ಇರ್ತಾರಾ ಅಂತ ನಾನೂ ಸುಮ್ನಿದ್ದೆ. ನೋಡು, ಕಡೇ ತಿಂಗಳಿಗೆ ಬಂತು! ಶುಕ್ರವಾರಕ್ಕೆ ಇನ್ನೂ ಹನ್ನೊಂದು ದಿನ ಮಿಕ್ಕಿರುತ್ತೆ. ನಂಗೆ ಪರೀಕ್ಷೇಲೂ ಹೀಗೇ, ಬೆಲ್ ಹೊಡೆಯೋ ಹೊತ್ತಿಗೆ ಉತ್ತರ ಹೊಳೀತಿತ್ತು."

ಅವರಿಗೂ ಆ ಸಂಖ್ಯೆ ಗೊತ್ತಿತ್ತು. ತಾರೀಖು ಬದಲಾದದ್ದು ಗೊತ್ತಿರಲಿಲ್ಲ. ಹೇಳಬೇಕಾದ ಗಳಿಗೆ ಅದೇ ಆಗಿತ್ತು. ನಾನು ಚಪ್ಪಲಿ ಬಿಚ್ಚಿ ಅಚ್ಚುಕಟ್ಟಾಗಿ ಜೋಡಿಸಿಟ್ಟೆ.

ಕಾಫಿ ಕುಡಿಯುವಾಗ, ವಕೀಲೆಯ ಧ್ವನಿಯಲ್ಲಿ, ಅದರ ಹಿಂದೆ ಅಡಗಿ ಕೇಳಿದೆ: "ಮಾಮಾನ ಸಂಬಳದಿಂದಲೇ ಹಿಡಿಸಬಹುದಿತ್ತಲ್ಲ, ಮಾಮಿ? ಇಷ್ಟು ವರ್ಷ ಯಾಕೆ ಬಿಟ್ಟಿರಿ?"

"ಹಿಡಿಸಬಹುದಿತ್ತು." ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಮೊದಲು ನಾಲ್ಕು ವರ್ಷ ಸರಿಯಾಗೇ ಕೊಟ್ರು. ಮೇಘಾಗೆ ಒಂಬತ್ತು ವರ್ಷ ಇದ್ದಾಗ ಫೋನ್ ಮಾಡಿದ್ರು. ಊರಲ್ಲಿ ತಂಗಿ ಗಂಡ ಹೋಗ್ಬಿಟ್ರು, ಮಗು ಇದೆ, ಸ್ವಲ್ಪ ದಿನ ನನ್ನ ಕೈಲಿ ಎರಡೂ ಕಡೆ ಆಗಲ್ಲ, ಅಂದ್ರು. ನಾನು ಸರಿ ಅಂದೆ. ನಂಗೆ ಕೆಲಸ ಇತ್ತು. ಅಲ್ಲಿ ಆ ಮಗು ಬಾಯಿಂದ ಕಿತ್ತು ನನ್ನ ಮಗೂಗೆ ಹಾಕು ಅನ್ನೋಕೆ ಆಗುತ್ತಾ? ಒಂದು ವರ್ಷ ಅಂದ್ಕೊಂಡಿದ್ದೆ ಅಷ್ಟೇ. ಆಮೇಲೆ ಅವರೂ ಮಾತೆತ್ತಲಿಲ್ಲ, ನಂಗೂ ಕೇಳೋಕೆ ಅಹಂಕಾರ. ಇವಳು ಕಾಲೇಜಿಗೆ ಹೋಗೋವಾಗ ಕೈ ಖಾಲಿ. ಆಗ ಹೋಗಿ ಮನೆ ಮೇಲೆ ಬರೆಸಿದೆ."

ಆ ಮಗು ತಮ್ಮೆದುರು ಕೂತು ಬಿಸ್ಕತ್ತು ತಿನ್ನುತ್ತಿದೆ ಎಂದು ಅವರಿಗೆ ಹೊಳೆಯಲಿಲ್ಲವೋ, ಹೊಳೆದೂ ಹೇಳಲಿಲ್ಲವೋ, ನನಗೆ ಇವತ್ತಿಗೂ ತಿಳಿಯದು. ನಾನು ಒಂಬತ್ತು ವರ್ಷದವಳಿದ್ದಾಗ ಅಪ್ಪ ತೀರಿಕೊಂಡರು. ಆಮೇಲಿನ ನನ್ನ ಶಾಲೆ, ಹಾಸ್ಟೆಲ್ಲು, ಧಾರವಾಡದ ಐದು ವರ್ಷದ ಕಾನೂನು ಪದವಿ, ಎಲ್ಲವೂ ಮಾಮಾ ಕಳಿಸಿದ್ದು. ತಿಂಗಳ ಮೊದಲ ವಾರ ಎಂದೂ ತಪ್ಪುತ್ತಿರಲಿಲ್ಲ. ಸೋದರಮಾವ ಎಂದರೆ ಹೀಗಿರಬೇಕು ಎಂದು ನಮ್ಮ ಓಣಿಯಲ್ಲೆಲ್ಲ ಮಾತು.

ಮೇಘನಾ ಬಂದದ್ದು ಸಂಜೆ ಐದಕ್ಕೆ. ದನ ಕುದುರೆಗಳ ಆಸ್ಪತ್ರೆಯಲ್ಲಿ ಸಹಾಯಕಿ. ಮೊಣಕಾಲಿನವರೆಗೆ ರಬ್ಬರಿನ ಬೂಟು, ಜಾಕೆಟ್ಟಿನ ಮೇಲೆಲ್ಲ ಹುಲ್ಲು. ಕನ್ನಡ ಪೂರ್ತಿ ಅರ್ಥವಾಗುತ್ತದೆ; ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಅವಳ ತಾಯಿ ಹೇಳಿದ ಮೂಗು ಅವಳಿಗೂ ಇತ್ತು.

ಉಡಿ ತುಂಬಬೇಕು ಎಂದೆ. ಅವಳಿಗೆ ಸೆರಗಿಲ್ಲ, ದುಪಟ್ಟಾ ಇಲ್ಲ. ಏನು ಮಾಡುವುದೆಂದು ನಾನು ತಬ್ಬಿಬ್ಬಾಗಿ ನಿಂತೆ. ಅವಳು ಜಾಕೆಟ್ಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಜೋಳಿಗೆಯಂತೆ ಚಾಚಿದಳು. ನಾನು ಖಣ, ಕೊಬ್ಬರಿ, ಉತ್ತತ್ತಿ ಹಾಕಿದೆ. ಮೇಲೆ ಅರಿಶಿನ ಕುಂಕುಮ ಇಟ್ಟೆ. ಒಣಹುಲ್ಲಿನ ಒಂದು ಎಳೆ ಕುಂಕುಮಕ್ಕೆ ಅಂಟಿತು.

"ಮಾಮ್, ನಾನು ಇದನ್ನು ತಿನ್ನಬಹುದಾ ಅಥವಾ ಪೂಜೆ ಮಾಡಬೇಕಾ?" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

"ಮೊದಲು ಕೈ ತೊಳಿ ಕತ್ತೆ, ಯಾವ ಹಸು ಒಳಗೆ ಕೈ ಹಾಕಿದ್ಯೋ ಏನೋ" ಎಂದರು ವಸುಧಾ ಮಾಮಿ.

ಮೇಘನಾ ನಕ್ಕು ಉತ್ತತ್ತಿ ಬಾಯಿಗೆ ಹಾಕಿಕೊಂಡಳು. ನಾನು ಹೊರಡುವಾಗ ಕಾರಿನ ಬಾಗಿಲು ಹಿಡಿದು ನಿಂತು, ಮುಂದಿನ ವಾರವಲ್ಲ, ಅದರ ಮುಂದಿನ ಮಂಗಳವಾರ ನನ್ನ ಹುಟ್ಟುಹಬ್ಬ, ಊಟಕ್ಕೆ ಬರಲೇಬೇಕು, ನನಗೆ ಇಲ್ಲಿ ಕಸಿನ್ ಯಾರೂ ಇಲ್ಲ, ಎಂದಳು.

ಬರುತ್ತೇನೆ ಎಂದೆ.

ಮತ್ತೆ ಈಸ್ಟ್‌ಗೇಟ್

ಜೂನಿನಲ್ಲಿ ಅಲ್ಲಿ ಒಂಬತ್ತಕ್ಕೂ ಬೆಳಕಿರುತ್ತದೆ. ಮರಳಿದಾಗ ಮಾಮಾ ಬಾಡಿಗೆಯ ಸೋಫಾದ ತುದಿಯಲ್ಲಿ, ಹಾಳಾದೀತೆಂಬ ಭಯದಲ್ಲಿ, ಅತಿಥಿಯಂತೆ ಕೂತಿದ್ದ.

"ಹೆಂಗದಾಳ?" ಎಂದ. ಯಾರು ಎಂದು ಹೇಳಲಿಲ್ಲ.

"ಮೂಗು ನಿಂದ ಐತಿ. ಮಾಮಾ, ತಿರುಗಿ ಶುಕ್ರವಾರಕ್ಕ ಮಾಡು."

ಅವನು ಲಿಂಬೆಹಣ್ಣುಗಳ ಬಟ್ಟಲನ್ನು ಆಚೆ ಸರಿಸಿದ.

"ನನ್ನ ಫೀಗೆ ಹೋದದ್ದು ಆಕೀದು. ನನಗ ಗೊತ್ತಿರಲಿಲ್ಲ."

"ಯಾರದೂ ಅಲ್ಲ, ನಾ ದುಡಿದದ್ದು" ಎಂದ ಮಾಮಾ, ಧ್ವನಿ ಏರಿಸಿ. ಆಮೇಲೆ ಇಳಿಸಿದ. "ನಿಮ್ಮಪ್ಪ ಹೋದಾಗ ನಿಮ್ಮವ್ವನ ಕೈಯಾಗ ಏನಿತ್ತು? ವಸುಧಾಗ ನೌಕರಿ ಇತ್ತು. ನಿಮ್ಮವ್ವಗ ಇರಲಿಲ್ಲ. ನೀ ಪತ್ರ ಬರೀತಿದ್ದಿ, ಮಾರ್ಕ್ಸ್ ಕಳಸ್ತಿದ್ದಿ. ಆ ಹುಡುಗಿ ಫೋನ್ ಎತ್ತಿ ಹೂಂ ಅಂತಿರಲಿಲ್ಲ. ಸಿಟ್ಟು ಆಕೀಗೆ. ಇರಲಿ, ಸಿಟ್ಟು ನ್ಯಾಯದ್ದ. ಆದ್ರ ನಾನೂ ಮನಷಾ ಅಲ್ಲೇನು? ಓಗೊಡೋರ ಕಡೆ ಹೋದೆ."

"ಈಗರ ಕೊಡು."

"ಕೊಡಾಂವ ಇದ್ದೆ!" ಊರುಗೋಲನ್ನು ನೆಲಕ್ಕೆ ಕುಟ್ಟಿದ. "ಕೇಳು ಗಿರಿಜಾ. ಈ ಹನ್ನೊಂದು ದಿನದ ಸಂಗತಿ ನನಗ ಗೊತ್ತ ಇರಲಿಲ್ಲ. ಶುಕ್ರವಾರ ಸಹಿ ಹಾಕಿ, ಆಕೀದು ಆಕೀಗೆ ಹೋಗಲಿ, ತಲಿ ಹಗರ ಮಾಡಿಕೊಳ್ಳೂಣು ಅಂತ ಇದ್ದೆ. ನೀ ಹೇಳಿದಿ. ಒಮ್ಮೆ ಗೊತ್ತಾದ ಮ್ಯಾಲ ಹೆಂಗ ಕೊಡ್ಲಿ? ಆ ರೊಕ್ಕ ನೋಡಿದಾಗೆಲ್ಲ, ಕೊಡೂದು ಬ್ಯಾಡಾಗಿತ್ತು ಅಂತ ಅನಸ್ತೈತಿ. ಇನ್ನ ನಿನ್ನ ಮದಿವಿ ಐತಿ, ನನ್ನ ಮುಪ್ಪು ಐತಿ. ಇಪ್ಪತ್ತೆಂಟು ವರ್ಷದಾಕಿಗೆ ಕೂಸಿನ ಹಾಲಿನ ರೊಕ್ಕ ಯಾಕ?"

ಅವನು ಹೇಳಿದ್ದರಲ್ಲಿ ನನಗೆ ಚುಚ್ಚಿದ್ದು ಕೊನೆಯ ಪ್ರಶ್ನೆಯಲ್ಲ. ಅದಕ್ಕೆ ಮೊದಲಿನ ಮಾತು. ನಾನು ಬರದೇ ಇದ್ದಿದ್ದರೆ ಮಾಮಾ ಶುಕ್ರವಾರ ಕೊಟ್ಟುಬಿಡುತ್ತಿದ್ದ. ಮೇಘನಾಳಿಗೆ ಸಿಗದೇ ಹೋದದ್ದರ ಹಿಂದೆ ಎರಡು ಸಲ ನಾನಿದ್ದೆ. ಒಮ್ಮೆ ತಿಳಿಯದೆ, ಒಮ್ಮೆ ತಿಳಿದವಳ ಹಾಗೆ.

ಅವಧಿ ಎಂಬ ನಿಯಮ ಯಾಕಿದೆ ಎಂದು ಕಾಲೇಜಿನಲ್ಲಿ ನಮಗೆ ಹೇಳಿದ್ದರು. ಹಳೆಯ ಹಕ್ಕಿನ ಭಯದಲ್ಲಿ ಯಾರೂ ಸಾಯುವತನಕ ಬದುಕಬಾರದು, ಕೊಡಬೇಕಾದವನಿಗೂ ಒಂದು ದಿನ ನಿದ್ದೆ ಬರಬೇಕು ಎಂದು. ಅದು ಸರಿಯಾದ ಮಾತೆಂದೇ ನಾನು ನಂಬಿದ್ದೆ. ನಮ್ಮಲ್ಲಿ ಜೀವನಾಂಶದ ಬಾಕಿಗೆ ಹೆಂಗಸು ವರ್ಷದೊಳಗೆ ಅರ್ಜಿ ಹಾಕದಿದ್ದರೆ ವಾರಂಟು ಹೊರಡಿಸಿ ವಸೂಲಿ ಮಾಡುವ ದಾರಿ ಮುಚ್ಚುತ್ತದೆ. ಅಂಥ ಒಬ್ಬಾಕೆ ನಮ್ಮ ಆಫೀಸಿಗೆ ಬಂದಿದ್ದಳು. "ಲೇಟಾಯ್ತವ್ವಾ" ಎಂದು ನಾನೇ ಹೇಳಿ ಕಳಿಸಿದ್ದೆ. ಅದಕ್ಕೆ ಹೋಲಿಸಿದರೆ ಮಗುವಿನ ಹದಿನೆಂಟರ ಮೇಲೆ ಹತ್ತು ವರ್ಷ ಎಷ್ಟು ಉದಾರ ಎಂದು ಆ ಮೊದಲ ಮಧ್ಯಾಹ್ನ ಫೋನಿನಲ್ಲಿ ಓದುವಾಗ ಅನಿಸಿತ್ತು. ಡುವಾಲ್‌ಗೆ ಹೋಗಿ ಬಂದ ಮೇಲೆ ಹಾಗೆ ಅನಿಸಲಿಲ್ಲ. ಬೆಲೆಬಾಳುವ ಜಮೀನಿನ ವ್ಯವಹಾರಕ್ಕೆ ಕೊನೆ ಬೇಕು. ಮಗುವಿಗೆ ಕೊಡದೇ ಉಳಿದದ್ದು ಮಾತ್ರ ಕೊಡುವವರೆಗೂ ಇರಲಿ. ಮಗು ಬೆಳೆಯಿತು ಎಂದರೆ ಯಾರೋ ಅನ್ನ ಹಾಕಿದರು ಎಂದಷ್ಟೇ ಅರ್ಥ. ಅನ್ನ ಹಾಕಿದವರ ಮಾಡು ಸೋರುತ್ತಿತ್ತು.

ಆದರೆ ನನ್ನ ಅಭಿಪ್ರಾಯದಿಂದ ಯಾವ ರಾಜ್ಯದ ಕಾನೂನೂ ಬದಲಾಗುವುದಿಲ್ಲ. ವಸುಧಾ ಮಾಮಿಗೆ ಬೇಕಾದದ್ದು ಅಭಿಪ್ರಾಯವಲ್ಲ, ಸುದ್ದಿ. ಸುದ್ದಿ ತಿಳಿದರೆ ಆ ಮಂಗಳವಾರದ ಒಳಗೆ ಅವರು ಮತ್ತೆ ಲಾಯರ ಬಳಿ ಹೋಗಬಹುದು, ಕೋರ್ಟಿಗೆ ಹೋಗಬಹುದು. ಅಲ್ಲಿ ಏನಾದೀತೆಂದು ನನಗೆ ಗೊತ್ತಿರಲಿಲ್ಲ. ತಿಳಿಯದೇ ಇದ್ದರೆ ಏನಾಗುತ್ತದೆ ಎನ್ನುವುದು ಗೊತ್ತಿತ್ತು. ಹೇಳಿದರೆ ಮಾಮಾ ನನ್ನ ಜೊತೆ ಮಾತಾಡುವುದು ಬಿಡಬಹುದು. ಅವ್ವ ಖಂಡಿತ ಬಿಡುತ್ತಾಳೆ. ಉಂಡ ಮನೆಗೆ ಎರಡು ಬಗೆದಳು ಎಂದು ಓಣಿಯಲ್ಲಿ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ನಾನು ಉಂಡದ್ದು ಅಲ್ಲೇ.

ಮರುದಿನ ಬೆಳಗ್ಗೆ ಎಂಟಕ್ಕೆ ಮಾಮಾನಿಗೆ ಚಹಾ ಮಾಡಿಕೊಟ್ಟೆ. ಅವನು ಕುಡಿಯಲು ಶುರು ಮಾಡಿದ ಮೇಲೆ, ಮೇಜಿನ ಎದುರು ಬದಿಯಲ್ಲಿ ಕೂತು, ಅವನಿಗೆ ಕಾಣುವಂತೆ ಫೋನ್ ಹಚ್ಚಿದೆ. ಕೋಣೆಗೆ ಹೋಗಿ ಮಾಡಬಹುದಿತ್ತು. ಮರೆಯಲ್ಲಿ ಮಾಡಿದ್ದು ಅದಾಗಲೇ ಸಾಕಷ್ಟಾಗಿತ್ತು.

"ವಸುಧಾ ಮಾಮಿ, ನಾನು ಗಿರಿಜಾ. ನಿನ್ನೆ ನಿಮ್ಮ ಮನೆಯಲ್ಲಿ ಹೇಳಬೇಕಿತ್ತು, ಹೇಳಲಿಲ್ಲ. ಸಹಿ ಶುಕ್ರವಾರ ಇಲ್ಲ. ಮೇಘನಾಳ ಹುಟ್ಟುಹಬ್ಬ ಆದ ಮರುದಿನಕ್ಕೆ ಹೋಗಿದೆ. ಹಾಗೆ ಮಾಡಿದರೆ ಬೋಜಾ ಬಿದ್ದುಹೋಗುತ್ತದೆ ಎಂದು ಲೆಕ್ಕ ಹಾಕಿ ಹೇಳಿಕೊಟ್ಟವಳು ನಾನು."

ಮಾಮಾ ಕಪ್ಪನ್ನು ಸಾಸರಿನ ಮೇಲೆ ಇಟ್ಟ. ಅವನು ಎದ್ದು ಹೋಗುತ್ತಾನೆ ಎಂದುಕೊಂಡೆ, ಹೋಗಲಿಲ್ಲ.

"ಯಾವ ತಾರೀಖು ಅಂದ್ಯಮ್ಮಾ?" ಎಂದರು ವಸುಧಾ ಮಾಮಿ. "ಇರು. ಪೆನ್ ತಗೋತೀನಿ."

ನಾನು ಕಾದೆ. ಅವರು ಬಂದ ಮೇಲೆ ತಾರೀಖು, ಹೊತ್ತು, ಸಹಿ ನಡೆಯುವ ಕಚೇರಿಯ ಹೆಸರು ಹೇಳಿದೆ. ಅವರು ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ಸರಿಯಾಗಿದೆ ಎಂದೆ.